ಕಿವಿರಾಯನ ಕಿವಿ

ತೈಲಬಾವಿಯ ಕೆಲಸಗಾರರು ಅವನಿಗೆ ಕಿವಿರಾಯ ಎಂದು ಹೆಸರಿಟ್ಟದ್ದು ಒಂದು ಹರಿದ ಜರಡಿಯ ದೆಸೆಯಿಂದ. ಚಹಾದ ಶೆಡ್ಡಿಗೂ ಜರಡಿಗಳಿಗೂ ಸಾಕಷ್ಟು ದೂರ. ನಡುವೆ ಜನರೇಟರು, ಪಂಪುಗಳು, ಕೊರೆಯುವ ಗೋಪುರದ ಗದ್ದಲ. ಆದರೂ ಗ್ಲಾಸನ್ನು ಬಾಯಿಯ ಹತ್ತಿರ ಒಯ್ದವನು ಹಾಗೆಯೇ ಕೆಳಗಿಟ್ಟು, "ಎರಡನೇ ಜರಡಿ ಹರಿದಿದೆ ಕಣೋ" ಎಂದು ಎದ್ದುಬಿಟ್ಟ. ಜೊತೆಗಾರ ನಗುತ್ತ ಬೆನ್ನು ಹತ್ತಿದ. ಏನೂ ಆಗಿರದಿದ್ದರೆ ಇಡೀ ವಾರ ಆಡಿಕೊಳ್ಳಬಹುದೆಂಬ ಆಸೆ ಅವನಿಗೆ. ಹೋಗಿ ನೋಡಿದರೆ ಉಕ್ಕಿನ ಬಲೆಯ ಮೂಲೆಯಲ್ಲಿ ಉಗುರಿನಷ್ಟು ಸೀಳು.

ಆ ಜೊತೆಗಾರ ಬಾಗಿಲು ಬಾಗಿಲಿಗೂ ತಲೆ ತಗ್ಗಿಸಬೇಕಾದಷ್ಟು ಉದ್ದ. ಅವನಿಗೆ ಏಣಿ ಎಂದೇ ಹೆಸರು. ಊರೆಲ್ಲ ಡಂಗುರ ಹೊಡೆದವನೂ ಅವನೇ: "ನಮ್ಮ ಪಾಳೀಲಿ ಅಲಾರಂ ಕಿತ್ತು ಬಿಸಾಕಿ. ನಮ್ಮತ್ರ ಕಿವಿರಾಯ ಇದ್ದಾನೆ."

ಅಲ್ಲಿ ಕೆಲಸವೆಂದರೆ ಇಷ್ಟು. ನೆಲವನ್ನು ಕೊರೆಯುವಾಗ ಕೊಳವೆಯೊಳಗೆ ಮಂದವಾದ ಕೆಸರನ್ನು ತಳ್ಳುತ್ತಾರೆ. ಅದಕ್ಕೆ ಎಲ್ಲರೂ ಮಡ್ ಎನ್ನುತ್ತಾರೆ. ಮಡ್ ಕೆಳಗೆ ಹೋಗಿ ಕಲ್ಲಿನ ಚೂರು, ಮರಳು, ಸಿಕ್ಕಿದರೆ ಗ್ಯಾಸು, ಎಲ್ಲವನ್ನೂ ಹೊತ್ತುಕೊಂಡು ಮೇಲೆ ಬರುತ್ತದೆ. ಅದನ್ನು ಸೋಸಿ ಮತ್ತೆ ಕೆಳಗೆ ಕಳಿಸಬೇಕು. ಗಡಗಡ ಕುಲುಕಾಡುವ ಜರಡಿಗಳು ಚೂರುಗಳನ್ನು ಹಿಡಿಯುತ್ತವೆ. ಜರಡಿಯ ಕೆಳಗಿನ ತೊಟ್ಟಿಯಲ್ಲಿ ದಪ್ಪ ಮರಳು ತಂಗುತ್ತದೆ. ಆಮೇಲೆ ಗಾಳಿ ಹೀರುವ ಪಂಪು ಜೋಡಿಸಿದ ಒಂದು ದೊಡ್ಡ ಡ್ರಮ್ಮು ಗ್ಯಾಸನ್ನು ಎಳೆದು ದೂರದ ಕೊಳವೆಗೆ ಬಿಡುತ್ತದೆ. ಕೊನೆಯಲ್ಲಿ ಸಾಲಾಗಿ ನಿಂತ ಲಾಳಿಕೆಗಳು. ಅವುಗಳೊಳಗೆ ಮಡ್ ಗಿರ್ರನೆ ಸುತ್ತಿ, ಸಣ್ಣ ಮರಳು ತುದಿಯಿಂದ ಕೊಡೆ ಬಿಚ್ಚಿದ ಹಾಗೆ ಸಿಡಿದು ಬೀಳುತ್ತದೆ. ಮರಳು ಉಳಿದರೆ ಪಂಪುಗಳನ್ನು ಒಳಗಿನಿಂದ ಉಜ್ಜಿ ತಿಂದುಹಾಕುತ್ತದೆ. ಗ್ಯಾಸು ಉಳಿದರೆ ಮಡ್ ಹಗುರಾಗಿ, ಬಾವಿಯನ್ನು ಅದುಮಿಡುವ ಭಾರವೇ ಇಲ್ಲವಾಗುತ್ತದೆ.

ಮಡ್ ತೂಗುವ, ಅದರಲ್ಲಿ ಮರಳೆಷ್ಟು ಎಂದು ನೋಡುವ ಕೆಲಸ ಲ್ಯಾಬಿನ ಹುಡುಗಿಯದು. ಪಟ್ಟಣದಲ್ಲಿ ಓದಿ ಬಂದವಳು. ತಗಡಿನ ಲ್ಯಾಬಿನ ಕಿಟಕಿಯಿಂದ ಜರಡಿಗಳು ಕಾಣುತ್ತಿದ್ದವು. ಆ ಸದ್ದಿನಲ್ಲಿ ಬಾಯಿಮಾತು ನಡೆಯುವುದಿಲ್ಲ. ಅಲ್ಲಿಯವರದು ಕೈಮಾತು. ಎರಡು ಮುಷ್ಟಿಗಳನ್ನು ಎದುರುಬದುರಾಗಿ ಹಿಡಿದು ಚರ್ರನೆ ಎಳೆದರೆ ಜರಡಿ ಹರಿದಿದೆ ಎಂದು. ಅಂಗೈ ಕೆಳಗೆ ಒತ್ತಿದರೆ ನಿಲ್ಲಿಸು ಎಂದು. ಹೆಬ್ಬೆರಳನ್ನು ಬಾಯಿಗೆ ತೋರಿಸಿ ಹುಬ್ಬು ಏರಿಸಿದರೆ ಚಹಾಕ್ಕೆ ಬರ್ತೀಯಾ ಎಂದು. ಈ ಕೊನೆಯದನ್ನು ಕಿವಿರಾಯ ಆ ಕಿಟಕಿಯ ಕಡೆಗೆ ಎಷ್ಟು ಸಲ ಮಾಡಿದನೆಂದರೆ, ಕಡೆಗೆ ಮದುವೆಯ ಮಾತನ್ನೂ ಏಣಿಯೇ ಎತ್ತಬೇಕಾಯಿತು. "ಲ್ಯಾಬಮ್ಮಾ, ಹೂಂ ಅಂದ್ಬಿಡಿ. ಚಹಾ ಕುಡಿದೂ ಕುಡಿದೂ ಇವನ ಹೊಟ್ಟೆ ಕೆಟ್ಟಿದೆ."

ಅವಳು ಹೂಂ ಅಂದಳು.

ಮಗಳು ಹುಟ್ಟಿದ ಮೇಲೆ ಅವಳಿಗೆ ಎಲ್ಲದಕ್ಕೂ ದಿಗಿಲು. ಮಗು ಕೆಮ್ಮಿದರೆ ದಿಗಿಲು, ಕೆಮ್ಮದೆ ಸುಮ್ಮನೆ ಮಲಗಿದರೂ ಮೂಗಿನ ಹತ್ತಿರ ಬೆರಳಿಟ್ಟು ನೋಡುವಷ್ಟು ದಿಗಿಲು. ಮತ್ತೆ ಕೆಲಸಕ್ಕೆ ಹೋಗಲು ಶುರುಮಾಡಿದ ಮೇಲಂತೂ ಅತ್ತೆಯ ಮಡಿಲಿಗೆ ಮಗುವನ್ನು ಹಾಕಿ ಹೊರಡುವಾಗ ಏನೋ ಕದ್ದು ಓಡಿಹೋಗುತ್ತಿರುವಂತೆ ಕಾಲು ತಡವರಿಸುತ್ತಿತ್ತು.

ಒಂದು ಸಂಜೆ ಮಗುವನ್ನು ಅವನ ವಶಕ್ಕೆ ಕೊಟ್ಟು ಸ್ನಾನಕ್ಕೆ ಹೋದಳು. ನೀರಿನ ಸದ್ದಿನ ನಡುವೆ ಕಿರುಚಾಟ ಕೇಳಿ ಒದ್ದೆ ಮೈಗೆ ಟವೆಲು ಸುತ್ತಿಕೊಂಡೇ ಓಡಿಬಂದಳು. ಮಗು ಮಂಚದ ಅಂಚು ಮತ್ತು ಗೋಡೆಯ ಸಂದಿಗೆ ಜಾರಿ, ಮುಖ ಕೆಂಪೇರಿ, ಉಸಿರು ಕಟ್ಟುವ ಹಾಗೆ ಅಳುತ್ತಿತ್ತು. ಅವನು ಅತ್ತ ಬೆನ್ನು ಮಾಡಿ ಕೂತು, ಏನನ್ನೋ ಗುನುಗುತ್ತ, ಮಗುವಿನ ಬಟ್ಟೆಗಳನ್ನು ಒಂದೊಂದಾಗಿ ನೀಟಾಗಿ ಮಡಿಸುತ್ತಿದ್ದ.

ಮಗುವನ್ನು ಎತ್ತಿಕೊಂಡು ಅವನ ಬೆನ್ನ ಹಿಂದೆಯೇ ನಿಂತು ಅವಳು ಕರೆದಳು. "ರೀ." ಇನ್ನೊಂದು ಸಲ, ಇನ್ನೂ ಜೋರಾಗಿ. ಅವನು ಒಂದು ಪುಟ್ಟ ಅಂಗಿಯ ತೋಳನ್ನು ಮಡಿಸಿದ.

ಅತ್ತೆ ಅಡುಗೆಮನೆಯಿಂದ ಇಣುಕಿದರು. "ಅವನು ಚಿಕ್ಕೋನಿದ್ದಾಗಿಂದ ಹಾಗೇ ಕಣಮ್ಮ. ಕೂಗಿದ್ರೆ ಬರೋ ಜಾತಿಯೇ ಅಲ್ಲ. ಕಿವುಡಲ್ಲ, ಸೋಮಾರಿ."

ಆದರೆ ಅವಳಿಗೆ ಗೊತ್ತಾಗಿಹೋಗಿತ್ತು. ಎದುರಿಗೆ ಬಂದು ಕೂತು ಕೇಳಿದಳು. ಮೊದಲು ನಕ್ಕ, ಆಮೇಲೆ ಸಿಡುಕಿದ, ಆಮೇಲೆ ಮಡಿಸಿಟ್ಟ ಬಟ್ಟೆಗಳನ್ನೇ ನೋಡುತ್ತ ಒಪ್ಪಿಕೊಂಡ.

"ಎಡಗಿವಿ ಯಾವತ್ತೋ ಹೋಯ್ತು. ಬಲಗಿವೀಲಿ ಗುಂಯ್ ಅನ್ನುತ್ತೆ, ಅಷ್ಟೇ. ಎದುರಿಗೆ ಕೂತು ಮಾತಾಡಿದ್ರೆ ಎಲ್ಲಾ ಕೇಳ್ಸುತ್ತೆ."

"ಅದು ಕೇಳ್ಸೋದಲ್ಲ ರೀ, ಕಾಣ್ಸೋದು."

ಹೆಸರೇ ಅವನ ಕಿವಿಯನ್ನು ತಿಂದಿತ್ತು. ಉಳಿದವರೆಲ್ಲ ಕಿವಿಗೆ ಮುಚ್ಚಳ ಹಾಕಿಕೊಂಡರೂ ಕಿವಿರಾಯ ಹಾಕಿಕೊಳ್ಳುತ್ತಿರಲಿಲ್ಲ. ಮುಚ್ಚಿದರೆ ಜರಡಿ ಮಾತಾಡುವುದು ಕೇಳಿಸುವುದಿಲ್ಲ ಎನ್ನುತ್ತಿದ್ದ. ವರ್ಷಗಟ್ಟಲೆ ಆ ಗಡಗಡಕ್ಕೆ ಕಿವಿ ತೆರೆದಿಟ್ಟು ನಿಂತ. ಈಗ ಜರಡಿಯ ಚೌಕಟ್ಟಿಗೆ ಅಂಗೈ ಒತ್ತಿ ಅದರ ನಡುಕದಿಂದ ಎಲ್ಲ ತಿಳಿದುಕೊಳ್ಳುತ್ತಿದ್ದ. ಅಂಗೈಗೆ ಸಿಗದ್ದು ಕಣ್ಣಿಗೆ ಸಿಗುತ್ತಿತ್ತು. ಕೈಮಾತಿನ ಜಾಗದಲ್ಲಿ ಕಿವುಡನನ್ನು ಕಂಡುಹಿಡಿಯುವವರು ಯಾರು?

"ಬೆನ್ನ ಹಿಂದೆ ಏನಾದ್ರೂ ಆದ್ರೆ?" ಎಂದಳು.

"ಹಿಂದೆ ಏಣಿ ಇರ್ತಾನೆ."

ಏಣಿಯ ಮನೆ ಅವರ ಮನೆಗೆ ಅಂಟಿಕೊಂಡೇ ಇತ್ತು, ನಡುವೆ ಒಂದೇ ಗೋಡೆ. ಅವನ ಹೆಂಡತಿ ಬಸುರಿ. ಆಗಲೇ ಹೋಗಿ ಏಣಿಗೆ ಹೇಳಬೇಕಿತ್ತು. ಆ ಮಾತು ಅವಳ ನಾಲಿಗೆಯ ತುದಿಯವರೆಗೂ ಬರುತ್ತಿತ್ತು. ಬಂದು, ಕಂಪನಿಯ ಈ ಮನೆ, ಅತ್ತೆಯ ಕೋಣೆ, ಮಗುವಿನ ತೊಟ್ಟಿಲು, ಕಿವಿರಾಯ ಎಂದು ಯಾರಾದರೂ ಕರೆದಾಗ ಅಗಲವಾಗುವ ಅವನ ಎದೆ, ಎಲ್ಲ ಕಣ್ಣ ಮುಂದೆ ಹಾದು, ಹಾಗೆಯೇ ಒಳಗೆ ಹೋಗುತ್ತಿತ್ತು.

ಆ ಹೊತ್ತಿಗೇ ಆರೋಗ್ಯ ತಪಾಸಣೆಯ ವ್ಯಾನು ಬಂತು. ಅದರೊಳಗೆ ಕಿವಿ ಪರೀಕ್ಷೆಗೆಂದು ಒಂದು ಗೂಡು. ಕೆಲಸಗಾರ ತಲೆಗೆ ಹೆಡ್‌ಫೋನು ಹಾಕಿಕೊಂಡು ಗಾಜಿನ ಹಿಂದೆ ಕೂರಬೇಕು. ಹೊರಗೆ ನರ್ಸು ಗುಂಡಿ ಒತ್ತಿದಾಗ ಸದ್ದು ಕೇಳಿಸಿದರೆ ಬೆರಳೆತ್ತಬೇಕು. ನರ್ಸಿನ ಕೈ ಒಳಗಿನವನಿಗೆ ಕಾಣದ ಹಾಗೆ ಅಡ್ಡಕ್ಕೆ ಒಂದು ಹಲಗೆ. ಆದರೆ ನರ್ಸಿನ ಹಿಂದೆ ನಿಂತವರಿಗೆ ಆ ಕೈ ಚೆನ್ನಾಗಿ ಕಾಣುತ್ತದೆ.

"ಇದೊಂದು ಸಲ" ಎಂದ ಅವನು. "ಮಗುವಿನ ಮೇಲೆ ಆಣೆ, ಇದೊಂದೇ ಸಲ."

ಮಗುವಿಗೆ ಚುಚ್ಚುಮದ್ದು ಕೇಳುವ ನೆವದಲ್ಲಿ ಅವಳು ವ್ಯಾನು ಹತ್ತಿದಳು. ಮಗುವನ್ನು ಭುಜಕ್ಕೆ ಹಾಕಿಕೊಂಡು ನರ್ಸಿನ ಹಿಂದೆ ನಿಂತಳು. ನರ್ಸು ಗುಂಡಿ ಒತ್ತಿದಾಗಲೆಲ್ಲ ಅವಳು ಮಗುವಿನ ಬೆನ್ನು ತಟ್ಟಿದಳು. ಗಾಜಿನಾಚೆ ಅವನು ಬೆರಳೆತ್ತಿದ. ಒತ್ತು, ತಟ್ಟು, ಬೆರಳು. ಒತ್ತು, ತಟ್ಟು, ಬೆರಳು. ಲೋಕದ ಯಾವ ತಾಯಿಯಾದರೂ ಹಾಗೆಯೇ ತಟ್ಟುತ್ತಾಳಲ್ಲವೇ?

"ಹುಡುಗರಿಗೂ ಇಷ್ಟು ಚೆನ್ನಾಗಿ ಕೇಳ್ಸಲ್ಲ ರೀ" ಎಂದು ನರ್ಸು ಮೆಚ್ಚಿ, ಮಗುವಿನ ಗಲ್ಲ ಹಿಂಡಿದರು.

ಅಂದಿನಿಂದ ಮಗುವನ್ನು ತಟ್ಟಿ ಮಲಗಿಸುವುದೇ ಅವಳಿಗೆ ಶಿಕ್ಷೆಯಾಯಿತು. ಹಾಲು ಕುಡಿಸಿ ಭುಜಕ್ಕೆ ಹಾಕಿಕೊಂಡರೆ ಸಾಕು, ಕೈಗೆ ಆ ಗುಂಡಿ ನೆನಪಾಗುತ್ತಿತ್ತು. ಮಗುವಿನ ಬೆನ್ನಿನ ಮರೆಯಲ್ಲಿ ನಿಂತು ಸುಳ್ಳು ಹೇಳಿದಂತಿತ್ತು ಅದು. ಗೋಡೆಯಾಚೆ ಏಣಿ ಹೆಂಡತಿಯನ್ನು ರೇಗಿಸಿ ನಗುವುದು ಕೇಳಿಸಿದರೆ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದಳು.

ಬಾವಿ ಗ್ಯಾಸಿರುವ ಪದರಕ್ಕೆ ಇಳಿದ ಮಧ್ಯಾಹ್ನ ಅವಳು ಲ್ಯಾಬಿನಲ್ಲಿ ಮಡ್ ತೂಗುತ್ತಿದ್ದಳು. ಡ್ರಮ್ಮಿಗೆ ಹೋಗುವ ಮುಂಚಿನ ಮಡ್ ಒಂದು ಬಟ್ಟಲು, ಡ್ರಮ್ಮು ದಾಟಿ ಬಂದದ್ದು ಇನ್ನೊಂದು. ಮೊದಲನೆಯದು ಗ್ಯಾಸಿನಿಂದ ಹಗುರಾಗಿರುತ್ತದೆ, ಎರಡನೆಯದು ಗ್ಯಾಸು ಕಳೆದುಕೊಂಡು ಮತ್ತೆ ತನ್ನ ಭಾರಕ್ಕೆ ಬಂದಿರಬೇಕು. ಅಂದು ಎರಡೂ ಒಂದೇ ಹಗುರ. ತನ್ನದೇ ತಪ್ಪಿರಬೇಕೆಂದು ಬಟ್ಟಲು ತೊಳೆದು, ಒರೆಸಿ, ಮತ್ತೆ ತೂಗಿದಳು. ಅದೇ. ಹಾಗಾದರೆ ಡ್ರಮ್ಮು ಗ್ಯಾಸನ್ನು ಎಳೆಯುತ್ತಲೇ ಇಲ್ಲ.

ಹೊರಗೆ ಬಂದರೆ ಆ ಸದ್ದು. ಡ್ರಮ್ಮಿನ ಪಂಪಿನ ಬೆಲ್ಟು ಜಾರುತ್ತ, ಜರಡಿಗಳ ಗಡಗಡವನ್ನೂ ಸೀಳಿಕೊಂಡು ಕೀಂಯೋ ಎಂದು ಅರಚುತ್ತಿತ್ತು. ಅದು ಬಹಳ ಹೊತ್ತಿನಿಂದ ಅರಚುತ್ತಿರಬೇಕು. ಪೈಪು ಜೋಡಿಸುವವನು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿದ್ದ. ಕ್ರೇನಿನವನು ಒಮ್ಮೆ ತಿರುಗಿ ನೋಡಿ ಸುಮ್ಮನಾದ. ಯಾಕೆಂದರೆ ಆ ಬೆಲ್ಟಿಗೆ ಬೆನ್ನು ಕೊಟ್ಟು, ಜರಡಿಯ ಮೇಲೆ ಅಂಗೈಯಿಟ್ಟು, ಕಿವಿರಾಯ ಶಾಂತವಾಗಿ ನಿಂತಿದ್ದ. ಅವನೇ ಸುಮ್ಮನಿದ್ದಾನೆಂದ ಮೇಲೆ ಗಾಬರಿಯಾಗುವಂಥದ್ದೇನು?

ಜರಡಿಯ ಕೆಳಗೆ, ಮರಳು ತೊಟ್ಟಿಯ ಮೆಟ್ಟಿಲ ಮೇಲೆ ಏಣಿ. ತಂಗಿದ ಮರಳನ್ನು ಹೊರಗೆ ಬಿಡಲು ತೊಟ್ಟಿಯ ಬಾಗಿಲನ್ನು ಎತ್ತುತ್ತಿದ್ದ. ಬಿಸಿಲಿಗೆಂದು ಸುತ್ತ ತಾಡಪಾಲು ಇಳಿಬಿಟ್ಟಿದ್ದರಿಂದ ಗಾಳಿಯಿಲ್ಲ. ಡ್ರಮ್ಮು ಎಳೆಯದೆ ಬಿಟ್ಟ ಗ್ಯಾಸನ್ನೂ ಹೊತ್ತು ಸುತ್ತಿ ಬಂದ ಮಡ್ ಅವನ ಮುಖದ ಹತ್ತಿರವೇ ನೊರೆನೊರೆಯಾಗಿ ಉಬ್ಬುತ್ತಿತ್ತು. ಅವನ ತಲೆ ಮುಂದಕ್ಕೆ ವಾಲಿತು, ಮತ್ತೆ ಎದ್ದಿತು, ಮತ್ತೆ ವಾಲಿತು.

"ರೀ!" ಎಂದು ಅವಳು ಕಿರುಚಿದ್ದು ಗೋಪುರದವರೆಗೂ ಕೇಳಿಸಿತು. ಗಂಡನಿಗೆ ಕೇಳಿಸಲಿಲ್ಲ. ಅವನ ಪಕ್ಕದಿಂದಲೇ ಓಡಿ, ತಾಡಪಾಲು ಎತ್ತಿ, ಏಣಿಯ ಅಂಗಿಯ ಕತ್ತಿಗೆ ಕೈಹಾಕಿ ಎಳೆದಳು. ಅಷ್ಟು ಉದ್ದದ ಗಂಡಸು ಬಟ್ಟೆಯ ಗಂಟಿನಂತೆ ಅವಳ ಮೇಲೆಯೇ ಕುಸಿದ. ಆಗ ಕಣ್ಣಂಚಿಗೆ ಬಿದ್ದು ಕಿವಿರಾಯ ತಿರುಗಿದ. ಅವಳು ಅಂಗೈ ಕೆಳಗೆ ಒತ್ತಿ ತೋರಿಸಿದಳು. ಅವನು ಹಾರಿ ಹೋಗಿ ಕೊರೆಯುವವರಿಗೆ ನಿಲ್ಲಿಸಿರೆಂದು ಗಂಟೆ ಒತ್ತಿದ.

ಬಯಲಿನ ಗಾಳಿಗೆ ತಂದು ಮಲಗಿಸಿದ ಮೇಲೆ ಏಣಿ ಕೆಮ್ಮಿದ, ವಾಂತಿ ಮಾಡಿಕೊಂಡ, ಕಣ್ಣು ಬಿಟ್ಟ. ಸಾಹೇಬರು ಓಡಿಬಂದರು. "ಯಾರು ನೋಡಿದ್ದು ಮೊದಲು?"

"ಇನ್ಯಾರು ಸಾರ್?" ಏಣಿಯ ಸ್ವರ ಇನ್ನೂ ತೊದಲುತ್ತಿತ್ತು. "ಬೆಲ್ಟು ಕೂಗೋದು ನನಗೂ ಕೇಳಿಸ್ತು. ಇವನು ತಲೇನೇ ಎತ್ತಲಿಲ್ಲ, ಸರಿ, ಏನೂ ಇರಲ್ಲ ಅಂತ ಇಳಿದೆ. ಕಳ್ಳ ನೋಡಿ, ಒಳಗೊಳಗೇ ಸನ್ನೆ ಮಾಡಿ ಲ್ಯಾಬಮ್ಮನ್ನ ಓಡಿಸಿದ್ದಾನೆ. ಅಲ್ವೇನಮ್ಮಾ?"

ಎಲ್ಲರೂ ಅವಳ ಕಡೆ ನೋಡಿದರು. ಅವಳು ಗಂಡನ ಕಡೆ ನೋಡಿದಳು. ಅವನು ಅವರ ತುಟಿಗಳಿಂದ ಅಷ್ಟನ್ನೂ ಓದಿಕೊಂಡಿದ್ದ. ಅವನ ಮುಖ ಮಡ್‌ನ ಬಣ್ಣಕ್ಕೆ ತಿರುಗಿತ್ತು.

"ಹೂಂ" ಎಂದಳು.

ಆ ಸಂಜೆ ಇಬ್ಬರೂ ಊಟದ ತಟ್ಟೆಯ ಮುಂದೆ ಕೂತರು.

"ನನ್ನ ನಂಬಿ ಇಳಿದನಂತೆ" ಎಂದ ಅವನು, ತಟ್ಟೆಗೆ ಹೇಳುವವನಂತೆ.

"ನಾಳೆ ಹೋಗಿ ಹೇಳ್ಬಿಡಿ."

"ನೀನೇ ಹೂಂ ಅಂದ್ಯಲ್ಲ ಕಣೇ."

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ತಲೆ ಎತ್ತಿದ್ದು ಅವಳು ಮತ್ತು ಅತ್ತೆ. ಏಣಿಯ ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ತನ್ನ ಹುಟ್ಟಲಿರುವ ಮಗುವಿಗೆಂದು ಹೆಣೆದಿದ್ದ ಹಳದಿ ಉಣ್ಣೆಯ ಟೊಪ್ಪಿಗೆಯನ್ನು ತಂದಿದ್ದಳು.

"ಇದು ನಿಮ್ಮ ಪುಟ್ಟಿಗೆ ಅಕ್ಕಾ. ಬೇಡ ಅನ್ಬೇಡಿ. ಇವತ್ತು ನಿಮ್ಮ ಯಜಮಾನ್ರ ಕಿವಿ ಇಲ್ದೇ ಇದ್ದಿದ್ರೆ ನನ್ನ ಮಗು ಅಪ್ಪನ ಮುಖ ನೋಡ್ತಿರ್ಲಿಲ್ಲ. ನಮ್ಮದಕ್ಕೆ ಇನ್ನೊಂದು ಹೆಣೀತೀನಿ ಬಿಡಿ, ಟೈಮಿದೆ." ಹೇಳುತ್ತಲೇ ಅತ್ತಳು, ಅಳುತ್ತಲೇ ನಕ್ಕಳು.

ಟೊಪ್ಪಿಗೆ ಮಗುವಿಗೆ ಅಳತೆ ಮಾಡಿಸಿ ಹೆಣೆದ ಹಾಗೆ ಕೂತಿತು. ಸ್ವಲ್ಪ ಬಿಗಿಯಾಗಿಯೋ ಸಡಿಲವಾಗಿಯೋ ಇದ್ದಿದ್ದರೆ ವಾಪಸು ಕೊಡಲು ಒಂದು ನೆಪವಾಗುತ್ತಿತ್ತೆಂದು ಅವಳಿಗೆ ಅನಿಸಿತು.

ಮುಂದಿನ ವಾರ ಸಾಹೇಬರು ಕಿವಿರಾಯನನ್ನು ಕರೆಸಿ ಬೆನ್ನು ತಟ್ಟಿದರು. ಇನ್ನು ಮೇಲೆ ಸೋಸುವ ಸಾಲಿನ ಇಡೀ ಪಾಳಿ ಅವನದು. ಏಣಿ ಗುಣವಾದ ಮೇಲೆ ಬೇರೆ ಬಾವಿಗೆ ಹೋಗುತ್ತಾನೆ. ಅವನ ಜಾಗಕ್ಕೆ ಹೊಸಬರಿಬ್ಬರು ಬರುತ್ತಾರೆ. "ಅವರಿಗೇನೂ ಗೊತ್ತಿಲ್ಲ. ನಿನ್ನ ಕಿವಿ ನಂಬಿಕೊಂಡು ಕಲೀಲಿ" ಎಂದರು. ಹೊಸ ಹುದ್ದೆಗೆ ಮುಂಚೆ ಒಂದು ತಪಾಸಣೆ ಆಗಬೇಕು, ಬರೀ ಶಾಸ್ತ್ರಕ್ಕೆ. ವ್ಯಾನು ಮತ್ತೆ ಬರುತ್ತದೆ.

ಬೇಡ ಎನ್ನಲು ಬಾಯಿ ತೆರೆದಿದ್ದನಂತೆ. ಸುತ್ತ ನಿಂತವರು ಚಪ್ಪಾಳೆ ತಟ್ಟುವುದು ಕಣ್ಣಿಗೆ ಬಿತ್ತಂತೆ. ಮನೆಗೆ ಬಂದು ಅಷ್ಟು ಹೇಳಿ, ಅವಳ ಮುಖವನ್ನೇ ನೋಡಿದ.

"ಹೊಸಬರಿಗೆ ಎಲ್ಲಾ ಕೈಮಾತು ಕಲಿಸ್ತೀನಿ. ಹುಷಾರಾಗಿರ್ತೀನಿ. ಹಿಂದೆ ಕಾಣೋ ಹಾಗೆ ಒಂದು ಕನ್ನಡಿ ಕಟ್ಟಿಸ್ಕೋತೀನಿ. ಇದೊಂದು ಸಲ ತಟ್ಟಿಬಿಡೇ."

ಆ ಇಬ್ಬರು ಹೊಸಬರ ಮುಖ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಆ ಮುಖಗಳು ನೊರೆ ಉಬ್ಬುವ ತೊಟ್ಟಿಯ ಮೇಲೆ ಬಾಗಿದ್ದು ಮಾತ್ರ ಕಾಣಿಸುತ್ತಿತ್ತು. ಆಗಲ್ಲ ಎನ್ನಬೇಕಿತ್ತು. ಅವಳು ಅವನ ಅಂಗಿಗೆ ಇಸ್ತ್ರಿ ಹಾಕುತ್ತ ಸುಮ್ಮನಿದ್ದಳು. ಆ ಮೌನವನ್ನೇ ಅವನು ಹೂಂ ಎಂದುಕೊಂಡ. ಹಾಗೆ ಅಂದುಕೊಳ್ಳುತ್ತಾನೆಂದು ಗೊತ್ತಿದ್ದೂ ಅವಳು ತಿದ್ದಲಿಲ್ಲ.

ವ್ಯಾನು ಬಂದ ಬೆಳಿಗ್ಗೆ ಮಗು ಹಳದಿ ಟೊಪ್ಪಿಗೆ ಹಾಕಿಕೊಂಡು ಅವಳ ಭುಜದ ಮೇಲೆ ನಿದ್ದೆಹೋಗಿತ್ತು. ಅದೇ ನರ್ಸು. "ಅಯ್ಯೋ, ಎಷ್ಟು ಬೆಳೆದುಬಿಟ್ಟಳು ಪುಟ್ಟಮ್ಮ!" ಎಂದು ಗಲ್ಲ ಸವರಿ ಹಲಗೆಯ ಹಿಂದೆ ಕೂತರು. ಕಿವಿರಾಯ ಗೂಡಿನೊಳಗೆ ಹೋಗಿ ಹೆಡ್‌ಫೋನು ಹಾಕಿಕೊಂಡ. ಗಾಜಿನಾಚೆಯಿಂದ ಅವಳನ್ನು ನೋಡಿ ಸಣ್ಣಗೆ ನಕ್ಕ.

ನರ್ಸು ಗುಂಡಿ ಒತ್ತಿದರು.

ಅವಳ ಕೈ ಮಗುವಿನ ಬೆನ್ನಿನ ಮೇಲಿತ್ತು. ಅಲ್ಲಿಯೇ ಇತ್ತು.

ಮತ್ತೆ ಒತ್ತಿದರು. ಅವನ ನಗು ಹಾಗೆಯೇ ಇತ್ತು. ಇನ್ನೂ ಶುರುವಾಗಿಲ್ಲ ಎಂದುಕೊಂಡಿದ್ದ. ಇನ್ನೊಮ್ಮೆ. ಮತ್ತೊಮ್ಮೆ. ನಿಧಾನವಾಗಿ ನಗು ಇಳಿಯಿತು. ಅವನ ಕಣ್ಣು ಅವಳ ಮುಖ ಬಿಟ್ಟು ಅವಳ ಕೈಗೆ ಬಂದು ನಿಂತಿತು. ಒಮ್ಮೆ ಅಂದಾಜಿನ ಮೇಲೆ ಬೆರಳೆತ್ತಿದ. ಆಗ ನರ್ಸು ಗುಂಡಿಯಿಂದ ಕೈ ತೆಗೆದು ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು.

ತಟ್ಟಿಸಿಕೊಂಡೇ ಅಭ್ಯಾಸವಾದ ಮಗು ಮಿಸುಕಾಡಿತು. ರಾಗ ತೆಗೆಯಿತು. ಆಮೇಲೆ ಬಾಯಿ ಅಗಲಿಸಿ ಅತ್ತೇಬಿಟ್ಟಿತು.

"ತಟ್ಟೀಮ್ಮಾ ಸ್ವಲ್ಪ" ಎಂದರು ನರ್ಸು, ತಿರುಗದೆ. "ಇಲ್ಲಾಂದ್ರೆ ಆಚೆ ಕರ್ಕೊಂಡ್ಹೋಗಿ."

ಆಚೆ ಹೋಗಿಬಿಡಬಹುದಿತ್ತು. ಮಗು ಅಳುತ್ತಿತ್ತು, ಅದಕ್ಕೇ ಹೋದೆ ಎಂದು ಆಮೇಲೆ ಹೇಳಿಕೊಳ್ಳಬಹುದಿತ್ತು. ಎಲ್ಲ ದೋಷವೂ ಮಗುವಿನ ಮೇಲೆ ಹೋಗುತ್ತಿತ್ತು, ಇನ್ನೊಂದು ಸಲ. ಅವಳು ಅಲ್ಲಾಡಲಿಲ್ಲ. ತನ್ನ ಮಗು ಕಿವಿಯ ಹತ್ತಿರ ಕಿರುಚುತ್ತಿರುವಾಗ ಬೆನ್ನ ಮೇಲೆ ಕೈಯಿಟ್ಟುಕೊಂಡೂ ತಟ್ಟದೆ ನಿಲ್ಲುವುದು ಎಷ್ಟು ಕಷ್ಟ! ಬೆರಳುಗಳು ತಾವಾಗಿಯೇ ಏಳುತ್ತಿದ್ದವು. ಅವನ್ನು ಆ ಪುಟ್ಟ ಅಂಗಿಗೆ ಒತ್ತಿ ಹಿಡಿದಳು. ಕಣ್ಣೀರು ಹರಿದು ಹಳದಿ ಉಣ್ಣೆಗೆ ಇಳಿಯಿತು.

ಗಾಜಿನ ಹಿಂದೆ ಅವನಿಗೆ ಒಂದು ತೆರೆದ ಬಾಯಿ ಕಾಣುತ್ತಿತ್ತು. ಸದ್ದಿಲ್ಲ. ಅಂದು ಮಂಚದ ಸಂದಿಯಲ್ಲಿ ಅತ್ತಾಗಲೂ ಮಗು ಹೀಗೆಯೇ ಇತ್ತೋ ಏನೋ, ಅವನು ನೋಡಿರಲಿಲ್ಲ. ಈಗ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಹೆಡ್‌ಫೋನು ತೆಗೆದು ಮೊಳೆಗೆ ನೇತುಹಾಕಿ, ಬಾಗಿಲು ತಳ್ಳಿಕೊಂಡು ಹೊರಗೆ ಬಂದು, ಅವಳ ಭುಜದಿಂದ ಮಗುವನ್ನು ಎತ್ತಿಕೊಂಡು ತಟ್ಟತೊಡಗಿದ.

"ಪಾಪು ಅಳ್ತಿದೆಯಲ್ಲೇ" ಎಂದ. ನರ್ಸಿನ ಕಡೆ ತಿರುಗಿ, ತನ್ನ ಸ್ವರದ ಅಳತೆ ತಿಳಿಯದವರ ಹಾಗೆ ಇಡೀ ವ್ಯಾನಿಗೆ ಕೇಳುವಂತೆ ಹೇಳಿದ: "ಬರ್ಕೊಳ್ಳಿ ಸಿಸ್ಟರ್. ಒಂದೂ ಕೇಳಿಸ್ಲಿಲ್ಲ."

"ಹೋದ ಸಲ ಅಷ್ಟು ಚೆನ್ನಾಗಿ..."

"ಹೋದ ಸಲ ನಾನು ತಟ್ಟಿದ್ದೆ" ಎಂದಳು ಅವಳು. "ನೀವು ಒತ್ತಿದಾಗೆಲ್ಲ."

ನರ್ಸು ಅವಳ ಕೈ ನೋಡಿದರು, ಹಲಗೆ ನೋಡಿದರು, ಮಗುವಿನ ಬೆನ್ನು ನೋಡಿದರು. ಈ ಸಲ ಗಲ್ಲ ಹಿಂಡಲಿಲ್ಲ.

ವ್ಯಾನಿನ ಕೆಳಗೆ ಏಣಿ ತನ್ನ ಸರದಿಗೆ ಕಾಯುತ್ತ ನಿಂತಿದ್ದ. ಇಳಿದು ಹೋಗುತ್ತಿದ್ದವನ ಬೆನ್ನಿಗೆ ಕೂಗಿದ. "ಏನೋ ಕಿವಿರಾಯ, ಪಾಸಾ? ಪಾರ್ಟಿ ಯಾವಾಗ?"

ಕಿವಿರಾಯ ನಡೆಯುತ್ತಲೇ ಇದ್ದ. ಅವಳು ಮೊಣಕೈ ಮುಟ್ಟಿ ಅವನನ್ನು ಏಣಿಯ ಕಡೆಗೆ ತಿರುಗಿಸಿ, ಮಗುವನ್ನು ತಾನು ಎತ್ತಿಕೊಂಡಳು. "ಅವರಿಗೆ ನೀವೇ ಹೇಳಿ" ಎಂದಳು, ತುಟಿ ಕಾಣುವ ಹಾಗೆ.

ಅವನು ಬೆರಳಿನಿಂದ ತನ್ನ ಕಿವಿ ಮುಟ್ಟಿಕೊಂಡ. ಆಮೇಲೆ ಎರಡು ಮುಷ್ಟಿಗಳನ್ನು ಎದುರುಬದುರಾಗಿ ಹಿಡಿದು ಚರ್ರನೆ ಎಳೆದ.

ಏಣಿ ನಕ್ಕ. ತಮಾಷೆಯೆಂದುಕೊಂಡು ಅವಳ ಕಡೆಗೂ ನೋಡಿ ನಕ್ಕ. ಅವಳ ಮುಖ ಕಂಡು ನಗು ಅರ್ಧಕ್ಕೆ ನಿಂತಿತು. "ಯಾವಾಗಿಂದ?" ಎಂದ. ಮತ್ತೆ ಏನೋ ಲೆಕ್ಕ ಕೂಡಿದಂತಾಗಿ, ಸ್ವರ ತಗ್ಗಿಸಿ ಕೇಳಿದ. "ಅವತ್ತು ಆ ಬೆಲ್ಟು?"

ಕಿವಿರಾಯ ಇಲ್ಲವೆಂದು ತಲೆಯಾಡಿಸಿದ.

ಏಣಿ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರಿಬ್ಬರನ್ನೂ ದಾಟಿ, ತಲೆ ತಗ್ಗಿಸಿ, ವ್ಯಾನಿನ ಬಾಗಿಲೊಳಗೆ ಹೋದ. ಅವಳ ಭುಜದ ಮೇಲೆ ಮಗು ಆಗಲೇ ನಿದ್ದೆಹೋಗಿತ್ತು. ಆದರೂ ಅವಳು ಮನೆ ಮುಟ್ಟುವವರೆಗೂ ಅದನ್ನು ತಟ್ಟುತ್ತಲೇ ಇದ್ದಳು.